ಬಾಗಿಲು ತೆರೆಯುವ ಕೈಪಿಡಿಗೊಂದು ಒಪ್ಪೋಲೆ

"ಹೋಗಲಿ ಬಿಡಿ ಸಾರ್. ಗೊತ್ತಿರುವವರಿಗೆ ಗೊತ್ತಾಗುತ್ತದೆ, ಗೊತ್ತಿಲ್ಲದವರು ಹೇಗಿದ್ದರೂ ಅದರ ತಂಟೆಗೆ ಹೋಗುವುದಿಲ್ಲ." ಹೀಗೆಂದು ಒಂದು ಕೈಪಿಡಿಯ ಸಂಪಾದಕರು ನನ್ನ ಪತ್ರಕ್ಕೆ ಮಾರೋಲೆ ಬರೆದಿದ್ದಾರೆ. ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಹೇಳಿಕೊಟ್ಟ ನನಗೆ ಇಷ್ಟು ಚಿಕ್ಕದಾಗಿದ್ದೂ ಇಷ್ಟು ಪರಿಪೂರ್ಣವಾಗಿ ತಪ್ಪಾದ ವಾಕ್ಯ ಅಪರೂಪಕ್ಕೆ ಕಣ್ಣಿಗೆ ಬಿದ್ದಿದೆ. ಗೊತ್ತಿರುವವರಿಗೆ ಕೈಪಿಡಿ ಏಕೆ ಬೇಕು? ಗೊತ್ತಿಲ್ಲದವರಿಗಾಗಿಯೇ ಅಲ್ಲವೆ ಅದನ್ನು ಬರೆದದ್ದು? ಗೊತ್ತಿಲ್ಲದವರು ಮುಟ್ಟುವುದಿಲ್ಲ, ಗೊತ್ತಿರುವವರಿಗೆ ಬೇಕಿಲ್ಲ ಎಂದಾದರೆ ಆ ಹನ್ನೆರಡು ಪುಟಗಳನ್ನು ಅಚ್ಚು ಹಾಕಿಸಿದ್ದಾದರೂ ಯಾರಿಗಾಗಿ?

ವಿಷಯ ಇಷ್ಟು. ಹಳ್ಳಿಯ ಗ್ರಂಥಾಲಯಗಳಲ್ಲಿ, ಶಾಲೆಗಳಲ್ಲಿ ಇರುವ ಲಿನಕ್ಸ್ ಗಣಕಗಳನ್ನು ದೂರದಿಂದ ನೋಡಿಕೊಳ್ಳುವ ಸ್ವಯಂಸೇವಕರಿಗಾಗಿ ಒಂದು ಮಿತ್ರಮಂಡಳಿ ಕನ್ನಡದಲ್ಲಿ ಕೈಪಿಡಿಯೊಂದನ್ನು ಹೊರತಂದಿದೆ. ಮಂಡಳಿಯ ಹೆಸರು ಇಲ್ಲಿ ಬೇಡ. ಅವರ ಉದ್ದೇಶ ಒಳ್ಳೆಯದು, ಕನ್ನಡದಲ್ಲಿ ಬರೆದದ್ದಕ್ಕಂತೂ ನಮಸ್ಕಾರ ಹೇಳಬೇಕು. ಆದರೆ ದೂರದ ಗಣಕಕ್ಕೆ ಪ್ರವೇಶ ಪಡೆಯುವ ಸೇವೆಯನ್ನು ಆರಂಭಿಸುವುದು ಹೇಗೆ ಎಂಬ ಅಧ್ಯಾಯದಲ್ಲಿ ತಪ್ಪುಗಳಿವೆ. ಅವನ್ನು ಗುರುತು ಮಾಡಿ, ಪುಟ ಸಂಖ್ಯೆ ಸಹಿತ, ಸರಿಯಾದ ಪಾಠವನ್ನು ಪಕ್ಕದಲ್ಲಿ ಬರೆದು ಕಳಿಸಿದ್ದೆ. ಅದಕ್ಕೆ ಬಂದ ಉತ್ತರವೇ ಮೇಲಿನದು.

ನನ್ನ ಓದುಗರಲ್ಲಿ ಹೆಚ್ಚಿನವರು ನನ್ನಂತೆಯೇ ನಿವೃತ್ತರು, ಇಲ್ಲವೆ ನನ್ನ ಹಳೆಯ ವಿದ್ಯಾರ್ಥಿಗಳು. ಆದ್ದರಿಂದ ಈ ಸೇವೆ ಎಂದರೇನೆಂದು ಸ್ವಲ್ಪ ಹೇಳಿ ಮುಂದುವರಿಯುತ್ತೇನೆ. ಒಂದು ಗಣಕದ ಮುಂದೆ ಕುಳಿತು ಮತ್ತೊಂದು ಊರಿನ ಗಣಕಕ್ಕೆ ಆಜ್ಞೆ ಕೊಡುವ ಏರ್ಪಾಡು ಬಹಳ ಹಳೆಯದು. ಹಿಂದೆ ಅದಕ್ಕೆ ಟೆಲ್‌ನೆಟ್, ಆರ್‌ಲಾಗಿನ್ ಎಂಬ ಸಾಧನಗಳಿದ್ದವು. ಅವುಗಳಲ್ಲಿ ನಾವು ಟೈಪು ಮಾಡಿದ ಗುಪ್ತಪದ ತಂತಿಯ ಮೇಲೆ ಅಂಚೆ ಕಾರ್ಡಿನ ಒಕ್ಕಣೆಯಂತೆ ಬಯಲಾಗಿ ಸಾಗುತ್ತಿತ್ತು. ದಾರಿಯಲ್ಲಿ ನಿಂತವರು ಓದಿಕೊಳ್ಳಬಹುದಿತ್ತು. ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಹಾಗೆಯೇ ಯಾರೋ ಗುಪ್ತಪದಗಳನ್ನು ಕದ್ದರು. ಅದರಿಂದ ಎಚ್ಚೆತ್ತು ಅಲ್ಲಿದ್ದ ತತು ಯೂಲೋನೆನ್ 1995ರಲ್ಲಿ ಎಸ್‌ಎಸ್‌ಎಚ್ ಎಂಬ ಸಾಧನವನ್ನು ಬರೆದರು. ಮಾತೆಲ್ಲ ಗೂಢಲಿಪಿಯಲ್ಲಿ ಸಾಗುವ ಈ ಸಾಧನಕ್ಕೆ 22ನೆಯ ದ್ವಾರಸಂಖ್ಯೆ ದೊರೆಯಿತು. ಕಡತ ಸಾಗಿಸುವ ಎಫ್‌ಟಿಪಿಯ 21ಕ್ಕೂ ಟೆಲ್‌ನೆಟ್ಟಿನ 23ಕ್ಕೂ ನಡುವೆ ಆ ಸಂಖ್ಯೆ ಖಾಲಿಯಿತ್ತು. 1999ರಲ್ಲಿ ಓಪನ್‌ಬಿಎಸ್‌ಡಿ ಬಳಗದವರು ಅದರ ಹಳೆಯ ಮುಕ್ತ ಆವೃತ್ತಿಯನ್ನು ಎತ್ತಿಕೊಂಡು ಓಪನ್ಎಸ್ಎಸ್ಎಚ್ ಎಂಬುದನ್ನು ಕಟ್ಟಿದರು. ಇಂದು ಲಿನಕ್ಸ್ ಗಣಕಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಅದೇ.

ಇದರಲ್ಲಿ ಎರಡು ಪಾತ್ರಗಳಿವೆ. ಹೋಗಿ ಬಾಗಿಲು ತಟ್ಟುವ ಎಸ್‌ಎಸ್‌ಎಚ್ ಒಂದು; ಒಳಗೆ ಕುಳಿತು ಬಾಗಿಲು ಕಾಯುವ ಎಸ್‌ಎಸ್‌ಎಚ್‌ಡಿ ಇನ್ನೊಂದು. ಕೊನೆಯ 'ಡಿ' ಎಂಬುದು ಡೀಮನ್ ಎಂಬುದರ ಗುರುತು. ಈ ದ್ವಾರಪಾಲಕನನ್ನು ಎಬ್ಬಿಸಿ ಕೂರಿಸುವುದು ಹೇಗೆ ಎಂಬುದೇ ಕೈಪಿಡಿಯ ಆ ಅಧ್ಯಾಯ. (ಇಲ್ಲಿ ಆಜ್ಞೆಗಳನ್ನೂ ಕನ್ನಡ ಅಕ್ಷರದಲ್ಲೇ ಬರೆಯುತ್ತಿದ್ದೇನೆ. ಟೈಪು ಮಾಡುವಾಗ ಇಂಗ್ಲಿಷ್ ಸಣ್ಣಕ್ಷರಗಳನ್ನೇ ಬಳಸಬೇಕೆಂದು ನನ್ನ ಓದುಗರಿಗೆ ಬೇರೆ ಹೇಳಬೇಕಿಲ್ಲ.)

ಏಳನೆಯ ಪುಟದಲ್ಲಿ ಹೀಗಿದೆ: 'ಎಸ್‌ಎಸ್‌ಎಚ್‌ಡಿ ಎಂದು ಟೈಪು ಮಾಡಿ ಎಂಟರ್ ಒತ್ತಿರಿ, ಸೇವೆ ಆರಂಭವಾಗುತ್ತದೆ.' ಆಗುವುದಿಲ್ಲ. 2004ರಲ್ಲಿ ಬಂದ ಓಪನ್ಎಸ್ಎಸ್ಎಚ್ 3.9ರಿಂದ ಈಚೆಗೆ ಆಗುವುದಿಲ್ಲ. ಆ ಆವೃತ್ತಿಯಿಂದ ಈ ದ್ವಾರಪಾಲಕ ಪ್ರತಿಯೊಬ್ಬ ಅತಿಥಿ ಬಂದಾಗಲೂ ತನ್ನನ್ನು ತಾನೇ ಹೊಸದಾಗಿ ಚಲಾಯಿಸಿಕೊಳ್ಳುತ್ತಾನೆ. ಒಬ್ಬನ ಸಂಪರ್ಕಕ್ಕೆ ಬಳಸಿದ ಸ್ಮೃತಿವಿನ್ಯಾಸ ಮುಂದಿನವನಿಗೆ ಉಳಿಯದಿರಲಿ ಎಂಬ ಭದ್ರತೆಯ ದೃಷ್ಟಿಯಿಂದ. ಹಾಗೆ ತನ್ನನ್ನು ತಾನೇ ಕರೆಯಬೇಕಾದರೆ ತಾನು ಎಲ್ಲಿದ್ದೇನೆಂಬ ಪೂರ್ತಿ ವಿಳಾಸ ಅವನಿಗೆ ತಿಳಿದಿರಬೇಕು. ಆದ್ದರಿಂದ ಬರಿಯ ಹೆಸರು ಹಿಡಿದು ಕೂಗಿದರೆ, ಪೂರ್ಣ ಪಥ ಬೇಕು ಎಂದು ಒಂದು ಸಾಲಿನ ಆಕ್ಷೇಪಣೆ ಹೇಳಿ ನಿಂತುಬಿಡುತ್ತಾನೆ. ಕೈಪಿಡಿ ಬರೆದವರು ಆ ಸಾಲನ್ನು ಒಮ್ಮೆಯಾದರೂ ಟೈಪು ಮಾಡಿ ನೋಡಿದ್ದರೆ ಇದು ಅರ್ಧ ನಿಮಿಷದಲ್ಲಿ ತಿಳಿಯುತ್ತಿತ್ತು.

ಸರಿ, ಯೂಎಸ್ಆರ್, ಎಸ್‌ಬಿನ್ ಎಂದೆಲ್ಲ ಪೂರ್ತಿ ಪಥ ಕೊಟ್ಟು ಕೂಗಿದರೋ? ಡೆಬಿಯನ್ ಮತ್ತು ಉಬುಂಟುಗಳಲ್ಲಿ ಕೆಲವೊಮ್ಮೆ 'ರನ್' ಕೋಶದೊಳಗೆ ತನಗೆ ಬೇಕಾದ ಉಪಕೋಶ ಇಲ್ಲವೆಂದು ಮತ್ತೆ ನಿಲ್ಲುತ್ತಾನೆ. ಆ ಕೋಶ ಗಣಕ ಆರಿದೊಡನೆ ಖಾಲಿಯಾಗುವಂಥದ್ದು. ಸೇವೆಯನ್ನು ವಿಧಿವತ್ತಾಗಿ ಆರಂಭಿಸಿದಾಗ ಸಿಸ್ಟಂಡಿ ಎಂಬ ಮೇಲ್ವಿಚಾರಕ ಅದನ್ನು ತಾನೇ ಸಿದ್ಧಪಡಿಸಿಕೊಡುತ್ತದೆ. ಕೈಯಿಂದ ಎಬ್ಬಿಸಿದರೆ ಸಿದ್ಧಪಡಿಸುವವರಿಲ್ಲ. ಹೇಗೋ ಎದ್ದರೂ ಆ ಸೇವೆ ಮೇಲ್ವಿಚಾರಕನ ಲೆಕ್ಕದಲ್ಲಿ ಇರುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ಹುಡುಗ ಕೊನೆಯ ಬೆಂಚಿನಲ್ಲಿ ಕುಳಿತಂತೆ: ಇದ್ದಾನೆ, ಆದರೆ ನಾಳೆ ಬರದಿದ್ದರೆ ಯಾರೂ ಕೇಳುವುದಿಲ್ಲ.

ಅದೇ ಪುಟದ ಕೆಳಗೆ ಇನ್ನೊಂದು ದಾರಿ ಹೇಳಿದ್ದಾರೆ: 'ಸಿಸ್ಟಂಸಿಟಿಎಲ್ ಸ್ಟಾರ್ಟ್ ಎಸ್‌ಎಸ್‌ಎಚ್‌ಡಿ ಎಂದು ಕೊಡಿ, ಇಷ್ಟಾದರೆ ಕೆಲಸ ಮುಗಿಯಿತು.' ಆಜ್ಞೆ ಸರಿಯಿದೆ. ತಪ್ಪಿರುವುದು 'ಕೆಲಸ ಮುಗಿಯಿತು' ಎಂಬ ಎರಡು ಪದಗಳಲ್ಲಿ. ಸ್ಟಾರ್ಟ್ ಎಂದರೆ ಈಗ ಏಳು ಎಂದಷ್ಟೇ ಅರ್ಥ. ಪ್ರತಿ ಬಾರಿ ಗಣಕ ಎದ್ದಾಗಲೂ ಏಳು ಎನ್ನಲು ಎನೇಬಲ್ ಎಂಬ ಬೇರೆ ಆಜ್ಞೆ ಇದೆ.

ಈ ಎರಡು ಪದಗಳಿಂದ ಆದದ್ದನ್ನು ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾಳೆ. ಓದಿದ್ದು ವಾಣಿಜ್ಯ, ಎಂಜಿನಿಯರಿಂಗ್ ಅಲ್ಲ. ನಮ್ಮೂರ ಗ್ರಂಥಾಲಯದ ಪುಸ್ತಕ ಸೂಚಿ ಇರುವ ಗಣಕವನ್ನು ಅಲ್ಲಿಂದಲೇ ನೋಡಿಕೊಳ್ಳುತ್ತೇನೆಂದು ತಾನಾಗಿಯೇ ಮುಂದೆ ಬಂದವಳು. ಅದರಲ್ಲಿದ್ದದ್ದು ಫೆಡೋರಾದ ಮೇಜುಗಣಕದ ಆವೃತ್ತಿ. ಅದರಲ್ಲಿ ಈ ಸೇವೆ ತಾನಾಗಿ ಚಾಲೂ ಇರುವುದಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಕೈಪಿಡಿಯನ್ನು ಪಕ್ಕದಲ್ಲಿಟ್ಟುಕೊಂಡು ಸಾಲು ಸಾಲಾಗಿ ಮಾಡಿದಳು, ಪರೀಕ್ಷಿಸಿದಳು, ಕೆಲಸ ಮಾಡಿತು, ಸಂತೋಷವಾಗಿ ಬಸ್ಸು ಹತ್ತಿದಳು. ಮೂರನೆಯ ದಿನ ರಾತ್ರಿ ಗಾಳಿ ಮಳೆಗೆ ಕರೆಂಟು ಹೋಯಿತು. ಬೆಳಿಗ್ಗೆ ಗ್ರಂಥಪಾಲಕರು ಬಂದು ಗುಂಡಿ ಒತ್ತಿದರು, ಗಣಕ ಎದ್ದಿತು, ಸೇವೆ ಏಳಲಿಲ್ಲ. ಅಲ್ಲಿಂದ ಎರಡು ವಾರ ಅವಳು ರೌಟರನ್ನು ಅನುಮಾನಿಸಿದಳು, ದೂರವಾಣಿಯವರನ್ನು ಅನುಮಾನಿಸಿದಳು, ಗ್ರಂಥಪಾಲಕರಿಗೆ ಫೋನು ಮಾಡಿ ತಂತಿಗಳನ್ನು ಕಿತ್ತು ಸೇರಿಸಲು ಹೇಳಿದಳು. ಕಡೆಗೆ ಶನಿವಾರ ರಾತ್ರಿಯ ಬಸ್ಸಿನಲ್ಲಿ ಬಂದು, ಭಾನುವಾರ ಅರ್ಧ ದಿನ ಅದರ ಮುಂದೆ ಕುಳಿತು, ಮತ್ತೆ ಅದೇ ಪುಟ ತೆರೆದು ಅದೇ ಆಜ್ಞೆ ಕೊಟ್ಟಳು. ಮತ್ತೆ ಕೆಲಸ ಮಾಡಿತು. ಅದು ಇನ್ನೂ ಹೆಚ್ಚಿನ ಗೊಂದಲ.

ಸಂಜೆ ನಮ್ಮ ಮನೆಗೆ ಬಂದಿದ್ದಳು. "ಏನಮ್ಮಾ, ಸರಿಹೋಯಿತಾ?" ಎಂದೆ. "ಹೋಯ್ತು ಸಾರ್. ಆದರೆ ಇದೆಲ್ಲ ನನ್ನ ಕೈಲಿ ಆಗೋ ಕೆಲಸ ಅಲ್ಲ ಅನ್ಸುತ್ತೆ. ಪುಸ್ತಕದಲ್ಲಿ ಇದ್ದ ಹಾಗೇ ಮಾಡಿದೀನಿ, ಎಲ್ಲೋ ನಾನೇ ಏನೋ ತಪ್ಪು ಮಾಡಿರ್ತೀನಿ. ಬೇರೆ ಯಾರಿಗಾದ್ರೂ ವಹಿಸಿಬಿಡಿ" ಎಂದಳು.

ಸಂಪಾದಕರೇ, ನನ್ನ ಕೋಪಕ್ಕೆ ಕಾರಣ ಆಕೆಯ ಬಸ್ಸಿನ ಖರ್ಚಲ್ಲ, ಭಾನುವಾರವೂ ಅಲ್ಲ. ಈ ಮಾತು. ತರಗತಿಯಲ್ಲಿ ಇದನ್ನು ನಾನು ನೂರಾರು ಬಾರಿ ಕೇಳಿದ್ದೇನೆ. ಪಠ್ಯಪುಸ್ತಕದ ಹಿಂದೆ ಕೊಟ್ಟ ಉತ್ತರ ತಪ್ಪಾಗಿ ಅಚ್ಚಾಗಿರುತ್ತದೆ. ಹುಡುಗಿ ಲೆಕ್ಕವನ್ನು ಸರಿಯಾಗಿಯೇ ಮಾಡಿರುತ್ತಾಳೆ. ಹಿಂದಿನ ಉತ್ತರ ನೋಡಿ ತನ್ನದನ್ನು ಹೊಡೆದು ಹಾಕಿ, ಮತ್ತೆ ಮಾಡಿ, ಮತ್ತೆ ಹೊಡೆದು, ಕೊನೆಗೆ 'ನನಗೆ ಗಣಿತ ಬರುವುದಿಲ್ಲ' ಎಂಬ ತೀರ್ಮಾನಕ್ಕೆ ಬರುತ್ತಾಳೆ. ಜಾಣ ಹುಡುಗ ಪುಸ್ತಕವನ್ನು ಅನುಮಾನಿಸುತ್ತಾನೆ, ಶ್ರದ್ಧೆಯ ಹುಡುಗಿ ತನ್ನನ್ನು ಅನುಮಾನಿಸುತ್ತಾಳೆ. ಅಚ್ಚಿನ ತಪ್ಪಿಗೆ ದಂಡ ತೆರುವವರು ಶ್ರದ್ಧೆಯುಳ್ಳವರೇ. 'ಗೊತ್ತಿಲ್ಲದವರು ಅದರ ತಂಟೆಗೆ ಹೋಗುವುದಿಲ್ಲ' ಎಂದು ನೀವು ಬರೆದಿರಲ್ಲ, ಅವರು ಹೋಗುತ್ತಾರೆ. ಒಮ್ಮೆ ಹೋಗಿ ನಿಮ್ಮ ಏಳನೆಯ ಪುಟವನ್ನು ನಂಬಿದ ಮೇಲೆ ಮತ್ತೆ ಹೋಗುವುದಿಲ್ಲ. ಅಷ್ಟೇ ವ್ಯತ್ಯಾಸ.

ಹೆಸರಿನ ಗೊಂದಲವೂ ಇದೆ. ಫೆಡೋರಾ, ರೆಡ್ ಹ್ಯಾಟ್ ವಂಶದಲ್ಲಿ ಈ ಸೇವೆಯ ಹೆಸರು ಎಸ್‌ಎಸ್‌ಎಚ್‌ಡಿ. ಡೆಬಿಯನ್, ಉಬುಂಟು ವಂಶದಲ್ಲಿ ಬರಿಯ ಎಸ್‌ಎಸ್‌ಎಚ್. ಎಸ್‌ಎಸ್‌ಎಚ್‌ಡಿ ಎಂಬುದು ಅಲ್ಲಿ ಅಡ್ಡಹೆಸರು. ಡೆಬಿಯನ್ನಿನಲ್ಲಿ ಅಡ್ಡಹೆಸರು ಹಿಡಿದು ಸ್ಟಾರ್ಟ್ ಎಂದರೆ ಓಗೊಡುತ್ತದೆ. ಅದೇ ಅಡ್ಡಹೆಸರಿಗೆ ಎನೇಬಲ್ ಎಂದರೆ ಒಪ್ಪುವುದಿಲ್ಲ. ಮನೆಯಲ್ಲಿ ಪುಟ್ಟ ಎಂದು ಕರೆದರೆ ಬರುವ ಹುಡುಗನನ್ನು ಶಾಲೆಯ ದಾಖಲಾತಿಯಲ್ಲಿ ಪುಟ್ಟ ಎಂದು ಬರೆದುಕೊಳ್ಳಲಾಗದಷ್ಟೆ. ಕೈಪಿಡಿ ಎರಡು ವಂಶಗಳ ಹೆಸರನ್ನೂ ಎತ್ತದೆ, ಲಿನಕ್ಸಿನಲ್ಲಿ ಹೀಗೆ ಎಂದು ಒಂದೇ ಮಾತಿನಲ್ಲಿ ಮುಗಿಸಿದೆ.

ಇಷ್ಟು ಹೊತ್ತು ಹೇಳಿದ ತಪ್ಪುಗಳಲ್ಲಿ ಬಾಗಿಲು ತೆರೆಯುವುದಿಲ್ಲ. ತೊಂದರೆ, ಆದರೆ ಕಣ್ಣಿಗೆ ಕಾಣುವ ತೊಂದರೆ. ಒಂಬತ್ತನೆಯ ಪುಟದ ತಪ್ಪು ಬೇರೆ ಜಾತಿಯದು. ಅಲ್ಲಿ ಬಾಗಿಲು ಮುಚ್ಚಿದೆ ಎಂದು ನೀವು ನಂಬಿರುತ್ತೀರಿ, ಅದು ತೆರೆದಿರುತ್ತದೆ.

ಗುಪ್ತಪದದಿಂದ ಒಳಬರುವುದನ್ನು ನಿಲ್ಲಿಸಿ ಕೀಲಿ ಕಡತ ಇದ್ದವರಿಗೆ ಮಾತ್ರ ಪ್ರವೇಶ ಕೊಡುವುದು ಒಳ್ಳೆಯ ಪದ್ಧತಿ. ಅಂತರಜಾಲಕ್ಕೆ ತೆರೆದಿಟ್ಟ 22ನೆಯ ದ್ವಾರದ ದಾಖಲೆ ಕಡತವನ್ನು ಒಮ್ಮೆ ತೆರೆದು ನೋಡಿದವರಿಗೆ ಗೊತ್ತು: ರೂಟ್, ಅಡ್ಮಿನ್, ಟೆಸ್ಟ್ ಎಂದು ಹೆಸರು ಹೇಳಿಕೊಂಡು ಗುಪ್ತಪದ ಊಹಿಸುತ್ತ ಹಗಲಿರುಳು ಯಂತ್ರಗಳು ಬಾಗಿಲು ತಟ್ಟುತ್ತಿರುತ್ತವೆ. ಆದ್ದರಿಂದ ಕೈಪಿಡಿ ಹೇಳುತ್ತದೆ: 'ಎಸ್‌ಎಸ್‌ಎಚ್‌ಡಿ ಕಾನ್‌ಫಿಗ್ ಕಡತದ ಕೊನೆಯಲ್ಲಿ ಪಾಸ್‌ವರ್ಡ್ ಅಥೆಂಟಿಕೇಶನ್ ನೋ ಎಂಬ ಸಾಲು ಸೇರಿಸಿ.' ಕೊನೆಯ ಮಾತೇ ನಡೆಯುತ್ತದೆ ಎಂಬುದು ನಮ್ಮ ಲೋಕಾನುಭವ. ಉಯಿಲಿನಲ್ಲಿಯೂ ಕೊನೆಯದೇ ಊರ್ಜಿತ. ಈ ಕಡತದ ಕಾನೂನು ತದ್ವಿರುದ್ಧ. ಒಂದು ವಿಷಯಕ್ಕೆ ಮೊದಲು ಸಿಕ್ಕ ಬೆಲೆಯೇ ಅಂತಿಮ, ಆಮೇಲೆ ಬಂದದ್ದು ಲೆಕ್ಕಕ್ಕಿಲ್ಲ. ಇದು ಗುಟ್ಟೂ ಅಲ್ಲ, ಓಪನ್ಎಸ್ಎಸ್ಎಚ್ ಜೊತೆಗೇ ಬರುವ ಮೂಲ ಕೈಪಿಡಿಪುಟದಲ್ಲಿ ಸ್ಪಷ್ಟವಾಗಿ ಬರೆದಿದೆ.

2020ರಲ್ಲಿ ಬಂದ 8.2ನೆಯ ಆವೃತ್ತಿಯಿಂದ ಇನ್ನೊಂದು ಬದಲಾವಣೆಯಾಯಿತು. ಈ ಕಡತಕ್ಕೆ ಬೇರೆ ಚಿಕ್ಕ ಕಡತಗಳನ್ನು ಸೇರಿಸಿಕೊಳ್ಳುವ ಇನ್‌ಕ್ಲೂಡ್ ಎಂಬ ಸೌಲಭ್ಯ ಬಂತು. ಡೆಬಿಯನ್, ಉಬುಂಟುಗಳು ಆ ಸಾಲನ್ನು ಕಡತದ ಮೇಲ್ಭಾಗದಲ್ಲಿಯೇ ಇಟ್ಟಿವೆ. ಬಾಡಿಗೆಗೆ ಸಿಗುವ ಸರ್ವರುಗಳಲ್ಲಿ ಮೊದಲ ಬಾರಿ ಗಣಕ ಸಿದ್ಧಗೊಳಿಸುವ ಕ್ಲೌಡ್-ಇನಿಟ್ ಎಂಬ ತಂತ್ರಾಂಶ ಅಂಥದೊಂದು ಚಿಕ್ಕ ಕಡತದಲ್ಲಿ ಗುಪ್ತಪದಕ್ಕೆ 'ಯೆಸ್' ಎಂದು ಬರೆದಿಟ್ಟಿರುವುದುಂಟು. ಅದು ಮೊದಲು ಓದಲ್ಪಡುತ್ತದೆ, ಆದ್ದರಿಂದ ಗೆಲ್ಲುತ್ತದೆ. ನೀವು ಕೊನೆಯಲ್ಲಿ ಎಷ್ಟು ದೊಡ್ಡದಾಗಿ 'ನೋ' ಎಂದು ಬರೆದರೂ ವ್ಯರ್ಥ. ಸೇವೆ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ. ಅದರ ದೃಷ್ಟಿಯಲ್ಲಿ ತಪ್ಪೇನೂ ಆಗಿಲ್ಲವಲ್ಲ. ನೀವು ಬೀಗ ಹಾಕಿದೆನೆಂದು ನೆಮ್ಮದಿಯಾಗಿ ಮಲಗುತ್ತೀರಿ. ಎಸ್‌ಎಸ್‌ಎಚ್‌ಡಿಗೆ ದೊಡ್ಡಕ್ಷರದ ಟಿ ಎಂಬ ಸೂಚನೆ ಕೊಟ್ಟರೆ ನಿಜವಾಗಿ ಜಾರಿಯಲ್ಲಿರುವ ಎಲ್ಲ ಬೆಲೆಗಳನ್ನೂ ಪಟ್ಟಿ ಮಾಡಿ ತೋರಿಸುತ್ತದೆ. ಆ ಒಂದು ಸಾಲು ಕೈಪಿಡಿಯಲ್ಲಿದ್ದಿದ್ದರೆ ಓದುಗರೇ ಕೈಪಿಡಿಯ ತಪ್ಪನ್ನು ಹಿಡಿಯುತ್ತಿದ್ದರು. ಹನ್ನೆರಡು ಪುಟಗಳಲ್ಲಿ ಎಲ್ಲಿಯೂ ಅದಿಲ್ಲ.

ಉಳಿದವುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. 'ಪ್ರೋಟೊಕಾಲ್ 2' ಎಂಬ ಸಾಲು ಸೇರಿಸಿ ಎಂದಿದ್ದಾರೆ; ಒಂದನೆಯ ಪ್ರೋಟೊಕಾಲನ್ನು 2017ರ ವೇಳೆಗೆ ಓಪನ್ಎಸ್ಎಸ್ಎಚ್‌ನಿಂದ ಪೂರ್ತಿ ತೆಗೆದುಹಾಕಿದ್ದಾರೆ, ಈಗ ಎರಡಲ್ಲದೆ ಬೇರೆ ಇಲ್ಲ. ರೂಟ್ ಖಾತೆಗೆ ಗುಪ್ತಪದದ ಪ್ರವೇಶ ಮೂಲತಃ ತೆರೆದಿರುತ್ತದೆ ಎಂದಿದ್ದಾರೆ, 2015ರ 7.0 ಆವೃತ್ತಿಯಿಂದ ಅದು ಮೂಲತಃ ಮುಚ್ಚಿದೆ. ದ್ವಾರಸಂಖ್ಯೆ ಬದಲಿಸಿ ಸೇವೆಯನ್ನು ಮತ್ತೆ ಆರಂಭಿಸಿದರೆ ಸಾಕು ಎಂದಿದ್ದಾರೆ; ಉಬುಂಟು 22.10ರಿಂದ, ಅಂದರೆ 2022ರ ಅಕ್ಟೋಬರಿನಿಂದ, 22ನೆಯ ದ್ವಾರದಲ್ಲಿ ಕಾಯುವುದು ಸಿಸ್ಟಂಡಿಯ ಸಾಕೆಟ್, ಅತಿಥಿ ಬಂದಾಗಷ್ಟೇ ಎಸ್‌ಎಸ್‌ಎಚ್‌ಡಿಯನ್ನು ಎಬ್ಬಿಸಲಾಗುತ್ತದೆ. ಆದ್ದರಿಂದ ಅಲ್ಲಿ ಸಾಕೆಟ್ಟಿಗೂ ಹೊಸ ಸಂಖ್ಯೆ ತಿಳಿಯುವಂತೆ ಮಾಡದಿದ್ದರೆ ಹಳೆಯ ಬಾಗಿಲೇ ತೆರೆದಿರುತ್ತದೆ.

ನನ್ನ ಪತ್ರಕ್ಕೆ ಬಂದ ಉತ್ತರದಲ್ಲಿ ಇನ್ನೂ ಕೆಲವು ಮಾತುಗಳಿದ್ದವು. 'ಕೈಪಿಡಿ ಹಳೆಯದು, ಓದುವವರು ಅದನ್ನು ಗಮನದಲ್ಲಿಟ್ಟುಕೊಳ್ಳಬೇಕು' ಎಂಬುದೊಂದು. ಹಳೆಯದೆಂದು ತಿಳಿಯುವುದು ಹೇಗೆ? ಹೊದಿಕೆಯ ಮೇಲೆ ತಾರೀಖಿಲ್ಲ, ಒಳಗೆ ಯಾವ ಆವೃತ್ತಿಗೆ ಬರೆದದ್ದೆಂಬ ಉಲ್ಲೇಖವಿಲ್ಲ. ಒಂದೇ ಪುಟದಲ್ಲಿ 2004ಕ್ಕಿಂತ ಹಿಂದಿನ ಮಾತೂ ಸಿಸ್ಟಂಡಿ ಬಂದ ಮೇಲಿನ ಮಾತೂ ಅಕ್ಕಪಕ್ಕ ಕುಳಿತಿವೆ. ಔಷಧದ ಸೀಸೆಯ ಮೇಲೆ ತಾರೀಖು ಅಚ್ಚು ಹಾಕದೆ, ಕುಡಿಯುವವರು ನೋಡಿಕೊಳ್ಳಬೇಕಿತ್ತು ಎಂದರೆ ಯಾರಾದರೂ ಒಪ್ಪುತ್ತಾರೆಯೆ?

'ನಾವು ಇಂಗ್ಲಿಷ್ ಮೂಲವನ್ನು ನಿಷ್ಠೆಯಿಂದ ಅನುವಾದಿಸಿದ್ದೇವೆ' ಎಂಬುದು ಮತ್ತೊಂದು. ಇದರಲ್ಲಿ ಸ್ವಲ್ಪ ನಿಜವಿದೆ, ಆದ್ದರಿಂದಲೇ ಉತ್ತರ ಕೊಡಬೇಕಾಗಿದೆ. ಓಪನ್‌ಬಿಎಸ್‌ಡಿಯ ಮೂಲ ಪುಟವನ್ನೇ ತೆಗೆದುಕೊಳ್ಳಿ. ಗಣಕ ಏಳುವಾಗ ಈಟಿಸಿ ಕೋಶದ ಆರ್‌ಸಿ ಎಂಬ ಲಿಪಿಯಿಂದ ಎಸ್‌ಎಸ್‌ಎಚ್‌ಡಿ ಆರಂಭವಾಗುವುದು ವಾಡಿಕೆ ಎಂದು ಅದು ಹೇಳುತ್ತದೆ. ಓಪನ್‌ಬಿಎಸ್‌ಡಿಯಲ್ಲಿ ಅದು ಅಕ್ಷರಶಃ ಸತ್ಯ. ಅದೇ ವಾಕ್ಯವನ್ನು ಎತ್ತಿ ಫೆಡೋರಾ ಬಳಸುವವರ ಕೈಪಿಡಿಯಲ್ಲಿಟ್ಟರೆ ಸುಳ್ಳಾಗುತ್ತದೆ. ಮೂಲ ಬರೆದವರದು ತಪ್ಪಲ್ಲ. ಆ ಬಳಗದವರಾದರೋ ಕೈಪಿಡಿಪುಟದಲ್ಲಿನ ತಪ್ಪನ್ನು ತಂತ್ರಾಂಶದ ದೋಷದಷ್ಟೇ ಗಂಭೀರವಾಗಿ ಎಣಿಸುವವರು. ಕರಾವಳಿಯಲ್ಲಿ ಭತ್ತ ನಾಟಿ ಮಾಡುವ ದಿನವನ್ನು ಬಯಲುಸೀಮೆಯ ರೈತನಿಗೆ ಹೇಳಿದರೆ ಪಂಚಾಂಗದ ತಪ್ಪೇನು? ಅನುವಾದಕನ ನಿಷ್ಠೆ ವಾಕ್ಯಕ್ಕಿಂತ ಮೊದಲು ಓದುಗನ ಮೇಜಿನ ಮೇಲಿರುವ ಗಣಕಕ್ಕೆ ಸಲ್ಲಬೇಕು.

ಇನ್ನು ಕೊನೆಯ ಮಾತು, ಸ್ವಲ್ಪ ನೋವಿನಿಂದಲೇ ಬರೆದಿದ್ದರು: 'ಪುಕ್ಕಟೆಯಾಗಿ ದುಡಿದವರ ತಪ್ಪುಗಳನ್ನು ಹೀಗೆ ಎತ್ತಿ ತೋರಿಸಿದರೆ ಮುಂದೆ ಯಾರು ಬರೆಯುತ್ತಾರೆ?' ಕೆಂಪು ಶಾಯಿ ಅವಮಾನ ಎಂದು ತಿಳಿಯುವುದು ನಮ್ಮಲ್ಲಿ ಬೇರುಬಿಟ್ಟ ರೋಗ. ನಮ್ಮ ಹಿರಿಯರು ಹಾಗೆ ತಿಳಿದಿರಲಿಲ್ಲ. ಹಳೆಯ ಕನ್ನಡ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆ ಎಂಬ ಒಂದು ಹಾಳೆ ಇರುತ್ತಿತ್ತು. ಪುಟ, ಸಾಲು, ತಪ್ಪು, ಒಪ್ಪು ಎಂದು ಕಲಮುಗಳು. ತಪ್ಪೋಲೆ ಎನ್ನದೆ ಒಪ್ಪೋಲೆ ಎಂದರಲ್ಲ, ಆ ಹೆಸರಿನ ಸೌಜನ್ಯವನ್ನು ನೋಡಿ. ಒಂದು ಪುಸ್ತಕ ಕೈಗೆ ಬಂದರೆ ಮೊದಲು ಒಪ್ಪೋಲೆ ನೋಡಿ ಪೆನ್ಸಿಲಿನಿಂದ ತಿದ್ದಿಕೊಂಡು ಆಮೇಲೆ ಓದಲು ಕೂರುತ್ತಿದ್ದವರನ್ನು ನಾನು ಕಂಡಿದ್ದೇನೆ. ಗಣಕ ವಿಜ್ಞಾನದ ದೊಡ್ಡ ಗ್ರಂಥಕರ್ತ ಡೊನಾಲ್ಡ್ ಕ್ನೂತ್ ತನ್ನ ಪುಸ್ತಕದಲ್ಲಿ ಹೊಸ ತಪ್ಪು ತೋರಿಸಿಕೊಟ್ಟವರಿಗೆ 2 ಡಾಲರ್ 56 ಸೆಂಟಿನ ಬಹುಮಾನ ಕೊಡುತ್ತ ಬಂದವರು. ಆ ಚೆಕ್ಕನ್ನು ನಗದು ಮಾಡಿಸದೆ ಕಟ್ಟು ಹಾಕಿಸಿ ಇಟ್ಟುಕೊಂಡವರಿದ್ದಾರೆ. ಎಸ್‌ಎಸ್‌ಎಚ್‌ನ ನಿಯಮಗಳು 2006ರಲ್ಲಿ 4251ರಿಂದ ಮುಂದಿನ ಸಂಖ್ಯೆಗಳ ಆರ್‌ಎಫ್‌ಸಿ ದಸ್ತಾವೇಜುಗಳಾಗಿ ಪ್ರಕಟವಾದವು. ಪ್ರಕಟವಾದ ಆರ್‌ಎಫ್‌ಸಿಯನ್ನು ಯಾರೂ ತಿದ್ದುವಂತಿಲ್ಲ. ಆದರೆ ತಪ್ಪು ಕಂಡವರು ವರದಿ ಮಾಡಬಹುದು, ಪರಿಶೀಲಿಸಿ ಒಪ್ಪಿದ್ದನ್ನು ಆ ದಸ್ತಾವೇಜಿನ ಜೊತೆಗೇ ಎಲ್ಲರಿಗೂ ಕಾಣುವಂತೆ ಇಡುತ್ತಾರೆ. ಅದೂ ಒಪ್ಪೋಲೆಯೇ.

ತಿದ್ದುವವರಿಗೂ ಒಂದು ಮಾತು ಹೇಳಬೇಕು. ಉತ್ಸಾಹಿ ತರುಣರೊಬ್ಬರು ನನ್ನ ಪಟ್ಟಿಯನ್ನು ನೋಡಿ, "ಎಲ್ಲ ಕಡೆಯೂ ಹಳೆಯ ಆಜ್ಞೆ ಹೊಡೆದು ಸಿಸ್ಟಂಸಿಟಿಎಲ್ ಎಂದು ಹಾಕಿಬಿಡೋಣ ಸಾರ್, ಹತ್ತು ನಿಮಿಷದ ಕೆಲಸ" ಎಂದರು. ಬೇಡವೆಂದೆ. ಆಲ್ಪೈನ್ ಲಿನಕ್ಸಿನಲ್ಲಿ ಸಿಸ್ಟಂಡಿ ಇಲ್ಲ, ಅಲ್ಲಿ ಆರ್‌ಸಿ-ಸರ್ವಿಸ್. ಫ್ರೀಬಿಎಸ್‌ಡಿಯಲ್ಲಿ ಸೇವೆಯನ್ನು ಆರ್‌ಸಿ ಕಾನ್ಫ್ ಕಡತದಲ್ಲಿ ಮೊದಲು ಅನುಮತಿಸದಿದ್ದರೆ ಬರಿಯ ಸ್ಟಾರ್ಟಿಗೆ ಅದು ಏಳುವುದೇ ಇಲ್ಲ. ಒಂದು ಬಾರಿಗೆ ಮಾತ್ರ ಎಬ್ಬಿಸಲು ಒನ್‌ಸ್ಟಾರ್ಟ್ ಎಂಬ ಬೇರೆ ಮಾತಿದೆ. ಯಾವ ವ್ಯವಸ್ಥೆಗೆ ಎಂದು ಹೇಳದೆ ಹಳೆಯ ಸಾಲಿನ ಜಾಗದಲ್ಲಿ ಹೊಸ ಸಾಲನ್ನು ಕೂರಿಸುವವರು ಮುಂದಿನ ಹತ್ತು ವರ್ಷದ ತಪ್ಪನ್ನು ಇಂದೇ ಬಿತ್ತುತ್ತಿದ್ದಾರೆ. ಇನ್ನು ಹಳೆಯ ಸಾಲನ್ನು ಸದ್ದಿಲ್ಲದೆ ಅಳಿಸುವುದೂ ಸಲ್ಲ. ಅದನ್ನು ನಂಬಿ ಮಾಡಿದವರು ಇದ್ದಾರಲ್ಲ? ಒಂಬತ್ತನೆಯ ಪುಟ ನೋಡಿ ಬೀಗ ಹಾಕಿದೆನೆಂದುಕೊಂಡವರಿಗೆ 'ಹಿಂದಿನ ಮುದ್ರಣದಲ್ಲಿ ಹೀಗಿತ್ತು, ಅದರಂತೆ ಮಾಡಿದವರು ಮತ್ತೊಮ್ಮೆ ಪರೀಕ್ಷಿಸಿಕೊಳ್ಳಿ' ಎಂದು ತಿಳಿಸದಿದ್ದರೆ ಅವರ ಬಾಗಿಲು ತೆರೆದೇ ಇರುತ್ತದೆ.

ನಾನು ಕಳಿಸಿದ ತಿದ್ದುಪಡಿಯ ಮುಖ್ಯ ಭಾಗವನ್ನು ಇಲ್ಲಿಯೂ ಕೊಡುತ್ತೇನೆ, ಬೇಕಾದವರು ಬರೆದುಕೊಳ್ಳಲಿ. ಸಿಸ್ಟಂಡಿ ಇರುವ ಫೆಡೋರಾದಲ್ಲಿ 'ಸಿಸ್ಟಂಸಿಟಿಎಲ್ ಎನೇಬಲ್', ಅದಕ್ಕೆ ಎರಡು ಅಡ್ಡಗೆರೆಯ 'ನೌ' ಸೇರಿಸಿ 'ಎಸ್‌ಎಸ್‌ಎಚ್‌ಡಿ' ಎನ್ನಿ; ಈಗಲೂ ಏಳುತ್ತದೆ, ಮುಂದೆಯೂ ಏಳುತ್ತದೆ. ಡೆಬಿಯನ್ನಿನಲ್ಲಾದರೆ ಓಪನ್ಎಸ್ಎಸ್ಎಚ್ ಸರ್ವರ್ ಕಟ್ಟನ್ನು ಸ್ಥಾಪಿಸಿದೊಡನೆ ಸೇವೆ ತಾನಾಗಿಯೇ ಚಾಲೂ ಆಗುತ್ತದೆ. ಕೈಯಿಂದ ಹೇಳಬೇಕಾದಾಗ ಹೆಸರು 'ಎಸ್‌ಎಸ್‌ಎಚ್'. ಎದ್ದಿದೆಯೆ ಎಂದು 'ಸ್ಟೇಟಸ್' ಕೇಳಿ ನೋಡಿ. ಆಮೇಲೆ ಗಣಕವನ್ನು ಒಮ್ಮೆ ಆರಿಸಿ ಹಚ್ಚಿ ಮತ್ತೆ ಕೇಳಿ; ಊರು ಬಿಡುವ ಮೊದಲು ಮಾಡಬೇಕಾದದ್ದು ಇದು. ವಿನ್ಯಾಸದ ಕಡತವನ್ನು ತಿದ್ದಿದ ಮೇಲೆ, ಮತ್ತೆ ಆರಂಭಿಸುವ ಮುಂಚೆ, ಎಸ್‌ಎಸ್‌ಎಚ್‌ಡಿಯನ್ನು ಪೂರ್ಣ ಪಥದಿಂದ ಕರೆದು ಸಣ್ಣಕ್ಷರದ ಟಿ ಸೂಚನೆ ಕೊಡಿ. ವಾಕ್ಯದೋಷವಿದ್ದರೆ ಹೇಳುತ್ತದೆ, ಇಲ್ಲದಿದ್ದರೆ ಮೌನ. ಬೆಲೆಗಳನ್ನು ದೊಡ್ಡಕ್ಷರದ ಟಿಯಿಂದ ಓದಿಕೊಳ್ಳಿ. ದೂರದಿಂದ ತಿದ್ದುತ್ತಿದ್ದರೆ ಈಗಾಗಲೇ ತೆರೆದಿರುವ ಕಿಟಕಿಯನ್ನು ಮುಚ್ಚಬೇಡಿ. ಇನ್ನೊಂದು ಕಿಟಕಿಯಿಂದ ಹೊಸದಾಗಿ ಒಳಬಂದು ನೋಡಿ, ಬರಲು ಸಾಧ್ಯವಾದ ಮೇಲೆಯೇ ಮೊದಲನೆಯದನ್ನು ಮುಚ್ಚಿ.

ಹುಡುಗಿಗೆ ಎನೇಬಲ್ ವಿಷಯ ಹೇಳಿದೆ. ಏಳನೆಯ ಪುಟವನ್ನೂ ತೆಗೆದು ತೋರಿಸಿ, "ನೀನು ಮಾಡಿದ್ದು ಸರಿಯಾಗಿಯೇ ಇತ್ತಮ್ಮ, ಇಲ್ಲಿ ಒಂದು ಸಾಲು ಬಿಟ್ಟಿದ್ದಾರೆ" ಎಂದೆ. ಗ್ರಂಥಾಲಯದ ಕೆಲಸ ಸದ್ಯಕ್ಕೆ ಅವಳ ಬಳಿಯೇ ಇದೆ.

ಸಂಪಾದಕರಿಗೆ ಈ ವಾರ ಎರಡನೆಯ ಪತ್ರ ಹಾಕುತ್ತಿದ್ದೇನೆ. ಮೊದಲನೆಯದರಲ್ಲಿ 'ದಯವಿಟ್ಟು ಪರಿಶೀಲಿಸಿ' ಎಂದಿದ್ದೆ. ಇದರಲ್ಲಿ ಒಂಬತ್ತನೆಯ ಪುಟದ ಬಗ್ಗೆ ಕೈಪಿಡಿ ಪಡೆದ ಎಲ್ಲ ಸ್ವಯಂಸೇವಕರಿಗೂ ತಿಳಿಸಬೇಕೆಂದು ಕೇಳಿದ್ದೇನೆ. ನಮ್ಮ ಗ್ರಂಥಾಲಯದ ಪ್ರತಿಗೆ ಒಪ್ಪೋಲೆಯನ್ನು ಒಂದೂವರೆ ಪುಟಕ್ಕೆ ಟೈಪು ಮಾಡಿಸಿ, ಹಿಂದಿನ ರಟ್ಟಿನ ಒಳಬದಿಗೆ ಗೋಂದು ಹಚ್ಚಿ ಅಂಟಿಸಿಯಾಗಿದೆ. ಬೇರೆ ಊರಿನವರಿಗೆ ಬೇಕಾದರೆ ತಮ್ಮ ವಿಳಾಸ ತಿಳಿಸಲಿ, ಅಂಚೆಯಲ್ಲಿ ಕಳಿಸುತ್ತೇನೆ.